ಏನಂತ ಬರೆದು ಕಳಿಸಲಿ?

ತಾಮ್ರದ ತಂತಿಯ ತುದಿಯಲ್ಲಿ ಬೆಂಕಿ ಹಸಿರಾಯಿತು. ನಮ್ಮ ಲ್ಯಾಬಿನ ಹುಡುಗ ಬಗ್ಗಿ ನೋಡಿ, "ಪಿವಿಸಿ ಮೇಡಂ. ಯಾವ ಪಾರ್ಟಿ ಮಾಲು?" ಅಂದ. "ಗೊತ್ತಿರೋರದ್ದು" ಅಂತಷ್ಟೇ ಹೇಳಿ, ಉಳಿದ ಚೂರನ್ನು ಕಾಗದದಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡೆ.

ಅದು ಹೆಂಗಸರು ಸುಖಕ್ಕೆ ಬಳಸುವ ವೈಬ್ರೇಟರಿನ ಚೂರು ಅಂತ ಅವನಿಗೆ ಹೇಳಲಿಲ್ಲ. ಇಲ್ಲಿ ಹೇಳುತ್ತಿದ್ದೇನೆ. "ಬರಿ, ನನ್ನ ಹೆಸರು ಮಾತ್ರ ಹಾಕಬೇಡ" ಅಂತ ಅಕ್ಕನೇ ಅಂದಿದ್ದಾಳೆ.

ಅಕ್ಕ ಅಂದರೆ ದೊಡ್ಡಮ್ಮನ ಮಗಳು. ತುಮಕೂರಿನಲ್ಲಿದ್ದಾಳೆ, ಐವತ್ತು ದಾಟಿದೆ. ಭಾವ ಹೋದ ಮೇಲೂ ಅತ್ತೆಯನ್ನು ನೋಡಿಕೊಂಡು ಅದೇ ಮನೆಯಲ್ಲಿದ್ದಾಳೆ. ನಾನು ಪೀಣ್ಯದಲ್ಲಿ ಸಿಲಿಕೋನ್ ಗ್ಯಾಸ್ಕೆಟ್ ಮಾಡುವ ಒಂದು ಸಣ್ಣ ಯೂನಿಟ್ಟಿನಲ್ಲಿ ಕ್ವಾಲಿಟಿ ನೋಡಿಕೊಳ್ಳುತ್ತೇನೆ. ಟಿಫಿನ್ ಡಬ್ಬಿಯದು, ಮಿಕ್ಸಿ ಜಾರಿನದು, ಇಂಥವು. ಇಡೀ ಬಳಗದಲ್ಲಿ ಅಕ್ಕ ನನ್ನನ್ನೇ ಕೇಳಿದ್ದಕ್ಕೆ ಕಾರಣ ಇದೇ. ಪ್ರೀತಿ ಆಮೇಲೆ.

ಹೋದ ಭಾನುವಾರ ಅವಳ ಮನೆಗೆ ಹೋಗಿದ್ದೆ. ಊಟ ಆದ ಮೇಲೆ ಅತ್ತೆ ಮಲಗಿದರು. ಅಕ್ಕ ರೂಮಿನ ಬಾಗಿಲು ಹಾಕಿ, ಬೀರುವಿನ ಸೀರೆಗಳ ಕೆಳಗಿಂದ ಒಂದು ಕವರ್ ತೆಗೆದು ನನ್ನ ತೊಡೆಯ ಮೇಲಿಟ್ಟಳು. "ನೀನು ರಬ್ಬರ್ ಫ್ಯಾಕ್ಟರಿಯವಳಲ್ವೇನೇ? ಮೂಸಿ ಹೇಳು, ಇದು ಸರಿಯಿದೆಯಾ?" ಮುಖದಲ್ಲಿ ನಾಚಿಕೆ ಇರಲಿಲ್ಲ. ಸಿಟ್ಟಿತ್ತು.

ಮೂಸಬೇಕಾಗಿಯೇ ಇರಲಿಲ್ಲ. ಕವರ್ ಬಿಚ್ಚುತ್ತಿದ್ದಂತೆ ಹೊಸ ರೇನ್‌ಕೋಟಿನ ವಾಸನೆ ಬಂತು. ಅಕ್ಕ ಅದನ್ನು ಪೇಪರಿನಲ್ಲಿ ಸುತ್ತಿಟ್ಟಿದ್ದಳು, ಪೇಪರಿನ ಅಕ್ಷರಗಳು ಉಲ್ಟಾ ಅಚ್ಚಾಗಿ ಅದರ ಮೈಗೆ ಹತ್ತಿದ್ದವು. ಮುಟ್ಟಿದರೆ ಜಿಡ್ಡು ಜಿಡ್ಡು. ಉದ್ದಕ್ಕೂ ಅಚ್ಚಿನ ಜಾಯಿಂಟ್ ಎದ್ದಿತ್ತು. ನಾವು ಫ್ಲ್ಯಾಶ್ ಅನ್ನುವುದು ಅದಕ್ಕೇ. ಉಗುರು ಎಳೆದರೆ ತಡೆಯುತ್ತದೆ. ಮಿಕ್ಸಿ ಗ್ಯಾಸ್ಕೆಟ್ಟಿನಲ್ಲಿ ಅಷ್ಟು ಫ್ಲ್ಯಾಶ್ ಬಂದರೆ ನಾನು ಇಡೀ ಟ್ರೇ ವಾಪಸ್ ಕಳಿಸುತ್ತೇನೆ. ಡಬ್ಬಿಯ ಮೇಲೆ ಮಾತ್ರ "ಪ್ರೀಮಿಯಂ ಸಿಲಿಕೋನ್ ಬಾಡಿ ಮಸಾಜರ್" ಅಂತ ಬಂಗಾರದ ಬಣ್ಣದಲ್ಲಿ ಅಚ್ಚಾಗಿತ್ತು.

ಅದನ್ನು ಬಳಸಿದ ಮೇಲೆ ಅವಳಿಗೆ ಉರಿ ಶುರುವಾಗಿದೆ. ಡಾಕ್ಟರ ಹತ್ತಿರ ಹೋಗಿದ್ದಾಳೆ. ಅವರು ಶುಗರ್ ಇದೆಯಾ ಅಂತ ಕೇಳಿ, ಮುಲಾಮು ಬರೆದು, ಮುಟ್ಟು ನಿಂತ ಮೇಲೆ ಇದೆಲ್ಲ ಸಹಜ ಅಂದು ಕಳಿಸಿದ್ದಾರೆ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಇಳಿದು ಆ ಜಾಗ ಒಣಗುವುದು, ಚರ್ಮ ತೆಳುವಾಗುವುದು ನಿಜ. ಆದರೆ ಏನಾದರೂ ಬಳಸಿದಿರಾ ಅಂತ ಒಂದು ಮಾತು ಕೇಳಬಹುದಿತ್ತು. ವಿಧವೆ ಅಂದ ತಕ್ಷಣ ಆ ಪ್ರಶ್ನೆಯನ್ನೇ ಪಟ್ಟಿಯಿಂದ ತೆಗೆದುಬಿಡುತ್ತಾರೇನೋ.

"ವಾಪಸ್ ಕಳಿಸು. ದುಡ್ಡು ಕೇಳು" ಅಂದೆ.

"ಏನಂತ ಬರೆದು ಕಳಿಸಲಿ?" ಅಂದಳು.

ಬಸ್ಸಿನಲ್ಲಿ ವಾಪಸ್ ಬರುವಾಗ ಪೂರ್ತಿ ಅದೇ ಮಾತು ಕಿವಿಯಲ್ಲಿತ್ತು. ಈ ಹೆಂಗಸು ಸಂತೆಯಲ್ಲಿ ಬದನೆಕಾಯಿಯನ್ನು ಒಂದೊಂದೇ ತಿರುಗಿಸಿ, ತೊಟ್ಟು ನೋಡಿ ಆರಿಸುವವಳು. ಹುಳುಕು ಬಂದರೆ ಮಾರನೆಯ ವಾರ ಹೋಗಿ ಜಗಳ ಕಾಯುವವಳು. ಮೈಯೊಳಗೆ ಹೋಗುವ ವಸ್ತು ಕೆಟ್ಟದ್ದು ಬಂದರೆ, ಏನಂತ ಬರೆಯಲಿ ಅಂತಾಳೆ. ಮಾರುವವನಿಗೆ ಇದು ಚೆನ್ನಾಗಿ ಗೊತ್ತು. ಯಾರೂ ತಿರುಗಿ ಕೇಳಲ್ಲ. ಅದಕ್ಕೇ ಪಿವಿಸಿ ಮೇಲೆ ಸಿಲಿಕೋನ್ ಅಂತ ಬರೆಯುವ ಧೈರ್ಯ.

ಸೋಮವಾರ ತಂತಿ ಪರೀಕ್ಷೆ ಮಾಡಿದೆ. ತಾಮ್ರದ ತಂತಿಯನ್ನು ಕೆಂಪಗೆ ಕಾಯಿಸಿ, ಪ್ಲಾಸ್ಟಿಕ್ಕಿಗೆ ತಾಗಿಸಿ, ಮತ್ತೆ ಬೆಂಕಿಗೆ ಹಿಡಿಯುವುದು. ಕ್ಲೋರಿನ್ ಇದ್ದರೆ ಹಸಿರು ಜ್ವಾಲೆ. ಸಿಲಿಕೋನ್‌ನಲ್ಲಿ ಕ್ಲೋರಿನ್ ಇರಲ್ಲ, ಪಿವಿಸಿಯಲ್ಲಿ ಇರುತ್ತದೆ. ಗಟ್ಟಿ ಪಿವಿಸಿಯನ್ನು ಮೆತ್ತಗೆ ಮಾಡೋಕೆ ಎಣ್ಣೆಯಂಥ ಪ್ಲಾಸ್ಟಿಸೈಜರ್ ಸೇರಿಸುತ್ತಾರೆ, ಅಗ್ಗದ ಮಾಲಿನಲ್ಲಿ ಅದು ಬಹಳ ಸಲ ಥ್ಯಾಲೇಟ್ ಅನ್ನುವ ರಾಸಾಯನಿಕ. ಅದು ಬರಬರುತ್ತಾ ಹೊರಗೆ ಬೆವರುತ್ತದೆ. ಅಕ್ಷರ ಹತ್ತಿದ್ದು ಅದಕ್ಕೇ. ಮಕ್ಕಳ ಆಟಿಕೆಗೆ 2021ರಿಂದ ಐಎಸ್‌ಐ ಗುರುತು ಕಡ್ಡಾಯ, ಥ್ಯಾಲೇಟಿಗೂ ಮಿತಿ ಇದೆ. ಇಂಥ ವಸ್ತುಗಳಿಗೂ ಐಎಸ್‌ಒ 3533 ಅನ್ನುವ ಅಂತರರಾಷ್ಟ್ರೀಯ ಮಾನದಂಡ 2021ರಲ್ಲೇ ಬಂದಿದೆ. ಅಕ್ಕನ ಡಬ್ಬಿಯ ಮೇಲೆ ಯಾವುದೂ ಇರಲಿಲ್ಲ, ತಯಾರಿಸಿದವನ ವಿಳಾಸ ಕೂಡ.

ಮಸಾಜರ್ ಅಂತ ಕರೆಯುವುದಕ್ಕೂ ಕಾರಣ ಇದೆ ಅನ್ನಿ, ಅಶ್ಲೀಲ ಅಂತ ತಡೆದಾರು ಅನ್ನುವ ಭಯ. ಆ ಹೆಸರಿದ್ದರೂ ಕಸ್ಟಮ್ಸ್‌ನವರು 1964ರ ಒಂದು ಅಧಿಸೂಚನೆ ಹಿಡಿದುಕೊಂಡು ಬಾಡಿ ಮಸಾಜರ್‌ಗಳನ್ನು ಅಶ್ಲೀಲ ಅಂತ ತಡೆದಿದ್ದರು. ಅದು ತಪ್ಪು ಅಂತ ಬಾಂಬೆ ಹೈಕೋರ್ಟ್ 2024ರಲ್ಲಿ ಹೇಳಬೇಕಾಯಿತು. ವಸ್ತು ಅಶ್ಲೀಲವೋ ಅಲ್ಲವೋ ಅಂತ ನೋಡೋಕೆ ಇಷ್ಟು ಜನ ಇದ್ದಾರೆ. ಅದರಲ್ಲಿ ಏನು ಕಲಸಿದ್ದಾರೆ ಅಂತ ನೋಡೋಕೆ ಯಾರಿದ್ದಾರೆ?

ಅಕ್ಕನಿಗೆ ಫೋನ್ ಮಾಡಿ, ಉರಿ ಪೂರ್ತಿ ಹೋಗುವವರೆಗೆ ಏನೂ ಬೇಡ, ರಕ್ತ ಕಂಡರೆ ಆ ದಿನವೇ ಡಾಕ್ಟರು, ಮುಟ್ಟು ನಿಂತ ಮೇಲೆ ಕಾಣುವ ರಕ್ತವನ್ನು ಸುಮ್ನೆ ಬಿಡಬಾರದು ಅಂದೆ. "ಆಯ್ತು ಕಣೇ. ಮುಂದಿನದು ಯಾವುದು ಅಂತ ಹೇಳು" ಅಂದಳು. ಆಮೇಲೆ ರಾತ್ರಿ ಊಟದ ನಂತರ ಫೋನಿನಲ್ಲೇ ಆರಿಸಿದ್ದು. ಅವಳಿಗೆ ಮುಖ್ಯ ಸದ್ದು. "ಪಕ್ಕದ ರೂಮಲ್ಲಿ ಅತ್ತೆ ಇರ್ತಾರೆ. ಹೋದದ್ದು ಮಿಕ್ಸಿ ಥರ ಕೂಗ್ತಿತ್ತು" ಅಂದಳು. ಇಬ್ಬರೂ ನಕ್ಕೆವು. ನನಗೆ ಮುಖ್ಯ ವಸ್ತು. ಪ್ಲಾಟಿನಂ ಕ್ಯೂರ್ ಸಿಲಿಕೋನ್, ಅಂದರೆ ಪ್ಲಾಟಿನಂ ಬಳಸಿ ಗಟ್ಟಿ ಮಾಡಿದ್ದು ಅಂತ ಸ್ಪಷ್ಟವಾಗಿ ಬರೆದಿರಬೇಕು, ಅದಕ್ಕೆ ವಾಸನೆ ಇರಲ್ಲ. ಜಾಯಿಂಟ್ ಕೈಗೆ ಸಿಗಬಾರದು. ತೊಳೆಯೋಕೆ ಐಪಿಎಕ್ಸ್7, ಅಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಇದ್ದರೂ ನೀರು ಒಳಗೆ ಹೋಗಬಾರದು. ಮೋಟಾರ್ ಇರುವುದನ್ನು ಕುದಿಸೋ ಹಾಗಿಲ್ಲ, ಸೋಪು ನೀರು ಸಾಕು. ಒಣಗದ ಹಾಗೆ ಹಚ್ಚಿಕೊಳ್ಳುವ ಜೆಲ್ ನೀರಿನದ್ದೇ ಆಗಬೇಕು, ಸಿಲಿಕೋನ್ ಜೆಲ್ ಹಚ್ಚಿದರೆ ಸಿಲಿಕೋನ್ ಮೈ ಹಾಳಾಗಬಹುದು.

ದೊಡ್ಡದು ಬೇಡ ಅಂದಳು, ಹೊರಗೆ ಮಾತ್ರ ಬಳಸುವ ಸಣ್ಣದು ಸಾಕು. ಒಳ್ಳೆಯ ಯೋಚನೆಯೇ. ಒಣಗಿದ ಜಾಗಕ್ಕೆ ಒತ್ತಡ ಕಡಿಮೆ ಇದ್ದಷ್ಟೂ ಹಿತ. ಫೋನಿಗೆ ಜೋಡಿಸುವ ಆ್ಯಪ್ ಇರುವುದನ್ನು ನಾನೇ ಬೇಡ ಅಂದೆ. ಕೆನಡಾದ ಒಂದು ಕಂಪನಿ ಆ್ಯಪ್ ಮೂಲಕ ಯಾರು ಯಾವಾಗ ಬಳಸುತ್ತಾರೆ ಅಂತೆಲ್ಲ ಮಾಹಿತಿ ತೆಗೆದುಕೊಂಡು, ಕೊನೆಗೆ 2017ರಲ್ಲಿ ಲಕ್ಷಾಂತರ ಡಾಲರ್ ಕೊಟ್ಟು ಕೇಸು ಮುಗಿಸಿತು. "ಅದೊಂದು ಬಾಕಿ ಇತ್ತು, ನಾದಿನಿ ಸಾಲದು ಅಂತ" ಅಂದಳು ಅಕ್ಕ. ಅವಳ ನಾದಿನಿಯ ಬಗ್ಗೆ ಬರೆಯಲು ಹೋದರೆ ಇನ್ನೊಂದು ಲೇಖನ ಆಗುತ್ತದೆ. ವಾರಕ್ಕೊಮ್ಮೆ ಬಂದು "ಇನ್ನು ನಿನಗೇನಿದೆ, ದೇವರು ದಿಂಡರು ಅಂತ ಇದ್ದುಬಿಡು" ಅನ್ನುವ ಮಹಾತಾಯಿ. ತನ್ನ ಗಂಡನ ಜೊತೆ ಊಟಿಗೆ ಹೋಗಿ ಬಂದ ಫೋಟೋ ತೋರಿಸುತ್ತಲೇ ಇದನ್ನು ಹೇಳಿದಳಂತೆ.

ಅಕ್ಕನಿಗೆ ದೇವರೂ ಬೇಕು, ಇದೂ ಬೇಕು. ಶನಿವಾರ ಆಂಜನೇಯನ ಗುಡಿಗೆ ತಪ್ಪದೆ ಹೋಗುತ್ತಾಳೆ. ಎರಡಕ್ಕೂ ಏನು ಜಗಳ ಅಂತ ನನಗಂತೂ ಗೊತ್ತಾಗಲ್ಲ.

ಹೊಸದಕ್ಕೆ ಆರ್ಡರ್ ಹಾಕಿದ ಮೇಲೂ ನಾನು ಬಿಡಲಿಲ್ಲ. ಹಳೆಯದರ ದುಡ್ಡು ಒಂಬೈನೂರು ರೂಪಾಯಿ, ಯಾಕೆ ಬಿಡಬೇಕು? "ಏನಂತ ಬರೆದು ಕಳಿಸಲಿ?" ಅಂತ ಮತ್ತೆ ಅದೇ ರಾಗ ಎಳೆದಳು. "ಸಿಲಿಕೋನ್ ಅಂತ ಹೇಳಿ ಪಿವಿಸಿ ಕೊಟ್ಟಿದ್ದೀರಿ ಅಂತ ಬರಿ. ಯಾವುದಕ್ಕೆ ಬಳಸಿದೆ ಅಂತ ಅವರು ಕೇಳಲ್ಲ" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಹಸಿರು ಜ್ವಾಲೆಯ ಫೋಟೋ ಕೇಳಿ ತರಿಸಿಕೊಂಡು, ಕನ್ನಡದಲ್ಲೇ ಬರೆದು ಕಳಿಸಿದಳು.

ನಿನ್ನೆ ಉತ್ತರ ಬಂದಿದೆ, ಇಂಗ್ಲಿಷಿನಲ್ಲಿ. "ಡಿಯರ್ ಸರ್" ಅಂತ ಶುರು ಮಾಡಿ, ಬೆನ್ನುನೋವು ಕಡಿಮೆ ಆಗದಿದ್ದಕ್ಕೆ ವಿಷಾದ ಅಂದಿದ್ದಾರೆ. ದುಡ್ಡಿನ ಸುದ್ದಿಯೇ ಇಲ್ಲ. ಅಕ್ಕ ಎರಡನೆಯ ಕಂಪ್ಲೇಂಟ್ ಬರೆಯುತ್ತಿದ್ದಾಳೆ. ಈ ಸಲ ನನ್ನನ್ನು ಏನೂ ಕೇಳಿಲ್ಲ.