1998ರ ‘ಸೈಕೋ’ವನ್ನು ನಾನೇಕೆ ನೋಡಿಲ್ಲ?

ಭಯದ ಸಿನಿಮಾಗಳ ಬಗ್ಗೆ ಬರೆಯುತ್ತಿರುವುದರಿಂದ ನನಗೆ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಯೊಂದಿದೆ: ಹಿಚ್‌ಕಾಕ್ ಅವರ ‘ಸೈಕೋ’ವನ್ನು ಅಷ್ಟೊಂದು ಹೊಗಳುವ ನೀವು, ಗಸ್ ವ್ಯಾನ್ ಸ್ಯಾಂಟ್ 1998ರಲ್ಲಿ ಮಾಡಿದ ಅದರ ರೀಮೇಕನ್ನು ಏಕೆ ನೋಡಿಲ್ಲ, ನೋಡದೆಯೇ ಬೇಡವೆನ್ನುವುದು ಪೂರ್ವಗ್ರಹವಲ್ಲವೇ? ಪೂರ್ವಗ್ರಹವೇ ಇರಬಹುದು. ಆದರೆ ಅದಕ್ಕೆ ಬೇಕಾದ ಕಾರಣವನ್ನು ಆ ನಿರ್ದೇಶಕರೇ ಒದಗಿಸಿದ್ದಾರೆ. ಜೋಸೆಫ್ ಸ್ಟೆಫಾನೊ ಮೂಲ ಚಿತ್ರಕ್ಕೆ ಬರೆದ ಚಿತ್ರಕಥೆಯನ್ನೇ ಅಲ್ಪಸ್ವಲ್ಪ ತಿದ್ದಿ ಇಟ್ಟುಕೊಂಡು, ಬಹುಪಾಲು ಶಾಟ್‌ಗಳನ್ನು ಇದ್ದ ಹಾಗೆಯೇ ಮತ್ತೊಮ್ಮೆ ತೆಗೆಯುವುದೇ ಅವರ ಸಂಕಲ್ಪವಾಗಿತ್ತು.

1960ರ ಚಿತ್ರದ ಭಯ ನಿಂತಿದ್ದುದು ಮುಂದೇನೆಂದು ಪ್ರೇಕ್ಷಕರಿಗೆ ತಿಳಿಯದಿರುವುದರ ಮೇಲೆ. ಹಣ ಕದ್ದು ಓಡುತ್ತಿರುವ ಮೇರಿಯನ್ ಪಾತ್ರವೇ ಕಥಾನಾಯಕಿ ಎಂದು ನಂಬಿ ಕುಳಿತವರ ಕಣ್ಣೆದುರಿಗೇ, ಚಿತ್ರ ಅರ್ಧ ಮುಗಿಯುವ ಮೊದಲೇ, ಜಾನೆಟ್ ಲೀಯಂಥ ಹೆಸರಾಂತ ನಟಿ ಸ್ನಾನದ ಮನೆಯಲ್ಲಿ ಕೊಲೆಯಾಗಿಬಿಡುತ್ತಾರೆ. ಈ ಆಘಾತ ಕೆಡಬಾರದೆಂದೇ, ಪ್ರದರ್ಶನ ಆರಂಭವಾದ ಮೇಲೆ ಯಾರನ್ನೂ ಥಿಯೇಟರಿನೊಳಗೆ ಬಿಡಕೂಡದೆಂದು ಹಿಚ್‌ಕಾಕ್ ಪಟ್ಟು ಹಿಡಿದಿದ್ದರು. ಲೋಕಕ್ಕೆಲ್ಲ ಗೊತ್ತಾಗಿಹೋದ ಆ ಗುಟ್ಟನ್ನು 38 ವರ್ಷಗಳ ನಂತರ ಅದೇ ಜಾಗದಲ್ಲಿ, ಅದೇ ಕ್ರಮದಲ್ಲಿ ಬಿಚ್ಚಿಟ್ಟರೆ ಬೆಚ್ಚುವವರು ಯಾರು?

ಕಥೆ ಗೊತ್ತಿದ್ದೂ ಹಳೆಯದನ್ನೇ ಮತ್ತೆ ನೋಡುತ್ತೀರಲ್ಲ ಎಂಬ ಮರುಪ್ರಶ್ನೆಯೂ ಬರುತ್ತದೆ, ಅದು ನ್ಯಾಯವಾದದ್ದೇ. ನಾನು ಮತ್ತೆ ನೋಡುವುದು ಇಲ್ಲದ್ದರಲ್ಲೇ ನಿಭಾಯಿಸಿದ ಆ ಕೈಚಳಕವನ್ನು. ಹಿಚ್‌ಕಾಕ್ ತಮ್ಮ ಟೆಲಿವಿಷನ್ ಸರಣಿಯ ತಂತ್ರಜ್ಞರನ್ನೇ ಹೆಚ್ಚಾಗಿ ಕರೆತಂದು, ಕಡಿಮೆ ಖರ್ಚಿನಲ್ಲಿ, ಕಪ್ಪುಬಿಳುಪಿನಲ್ಲಿ ಈ ಚಿತ್ರ ಮಾಡಿದರು. ಮುಕ್ಕಾಲು ನಿಮಿಷದಷ್ಟಿರುವ ಆ ಕೊಲೆಯ ದೃಶ್ಯಕ್ಕೆ 7 ದಿನ ಹಿಡಿಯಿತು. ಮೇಲೆತ್ತಿದ ಚಾಕು, ಕಿರುಚುವ ಬಾಯಿ, ಕಿತ್ತುಬರುವ ಪರದೆ, ಬಚ್ಚಲ ತೂತಿನತ್ತ ಹರಿಯುವ ಕಪ್ಪು ನೀರು ಒಂದರ ಹಿಂದೊಂದು ಬಂದುಹೋಗುವ ವೇಗಕ್ಕೆ, ಕಣ್ಣು ಕಂಡದ್ದಕ್ಕಿಂತ ಹೆಚ್ಚನ್ನು ಮನಸ್ಸು ಕಲ್ಪಿಸಿಕೊಳ್ಳುತ್ತದೆ. ಆ ನೆತ್ತರು ಚಾಕೊಲೇಟ್ ಸಿರಪ್. ಅಲ್ಲಿ ಸಂಗೀತವೇ ಬೇಡವೆಂದಿದ್ದ ಹಿಚ್‌ಕಾಕ್ ಅವರ ಮನಸ್ಸನ್ನು ಬದಲಿಸಿದ್ದು, ಬರಿಯ ತಂತಿವಾದ್ಯಗಳಿಂದ ಬರ್ನಾರ್ಡ್ ಹರ್ಮನ್ ಎಬ್ಬಿಸಿದ ಆ ಚೀತ್ಕಾರ. ರೀಮೇಕಿನಲ್ಲಿ ಬಣ್ಣ ಬಂದಿತು, ರಕ್ತ ಕೆಂಪಾಯಿತು, ಕದ್ದ 40,000 ಡಾಲರ್ 4 ಲಕ್ಷವಾಯಿತು. ಊರಿನ ಮೇಲಿಂದ ಹಾರಿಬಂದು ಹೋಟೆಲಿನ ಕಿಟಕಿಯೊಳಗೆ ನುಗ್ಗುವ ಆರಂಭದ ಶಾಟನ್ನು ಒಂದೇ ಬಾರಿಗೆ ತೆಗೆಯಲು ಹಿಚ್‌ಕಾಕ್ ಅವರಿಗೆ ಆಗಿರಲಿಲ್ಲ, ವ್ಯಾನ್ ಸ್ಯಾಂಟ್ ಅದನ್ನು ಸಾಧಿಸಿದರು. ಆ ಕೊರತೆ ಯಾವ ಪ್ರೇಕ್ಷಕರನ್ನು ಕಾಡಿತ್ತೋ ಕಾಣೆ.

ರೀಮೇಕ್ ಎಂದರೇ ಮೂಗುಮುರಿಯುವವನು ನಾನಲ್ಲ. ಮಲಯಾಳಂನ ‘ಮಣಿಚಿತ್ರತಾಳ್’ 2004ರಲ್ಲಿ ಕನ್ನಡದ ‘ಆಪ್ತಮಿತ್ರ’ವಾದಾಗ, ತಮಿಳು ನರ್ತಕಿಯಾಗಿದ್ದ ನಾಗವಲ್ಲಿ ಇಲ್ಲಿ ತೆಲುಗಿನವಳಾದಳು. ನೆರೆಯ ಭಾಷೆಯೊಂದು ಸೌಂದರ್ಯ ಅವರ ಬಾಯಿಂದ ಇದ್ದಕ್ಕಿದ್ದಂತೆ ಹೊರಟಾಗ ಇಲ್ಲಿನ ಪ್ರೇಕ್ಷಕರಿಗೆ ಆಗುವ ದಿಗಿಲನ್ನು ಯಾರೋ ಕುಳಿತು ಯೋಚಿಸಿದ್ದರು. ಇಂಗ್ಲಿಷಿನಿಂದ ಇಂಗ್ಲಿಷಿಗೇ, ಅಮೆರಿಕದಿಂದ ಅಮೆರಿಕಕ್ಕೇ ಬಂದ ‘ಸೈಕೋ’ಗೆ ಅಂಥ ಯೋಚನೆಯ ಅಗತ್ಯವೇ ಬೀಳಲಿಲ್ಲ. ಒಂದು ಚಿತ್ರವನ್ನು ಯಥಾವತ್ತಾಗಿ ನಕಲು ಮಾಡಿದರೆ ಏನಾಗುತ್ತದೆಂದು ಪರೀಕ್ಷಿಸುವುದು ಸಿನಿಮಾ ವಿದ್ಯಾರ್ಥಿಗಳಿಗೆ ಉಪಯುಕ್ತವಾದ ಪ್ರಯೋಗವೆಂಬುದನ್ನು ಒಪ್ಪುತ್ತೇನೆ, ಅದರ ಕುರಿತ ಚರ್ಚೆಗಳನ್ನು ಆಸಕ್ತಿಯಿಂದಲೇ ಓದುತ್ತೇನೆ. ಹೆದರಲೆಂದು ಟಿಕೆಟ್ ಕೊಳ್ಳುವವನಿಗೆ ಮಾತ್ರ ಅದರಲ್ಲಿ ಏನೂ ಇಟ್ಟಂತೆ ಕಾಣುವುದಿಲ್ಲ.