ಏಳು ಓಡಿದವು, ಎಂಟನೆಯದು ಕಚ್ಚಿತು

ಶನಿವಾರ ಬೆಳಿಗ್ಗೆ ಅಮೆರಿಕದ ಡೆನ್ವರ್‌ ನಗರದ ಸೌತ್ ಪ್ಲಾಟ್ ನದಿಯಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದೆ. ಫ್ಲೈ ಫಿಶಿಂಗ್ (ಗಾಳಕ್ಕೆ ಹುಸಿ ಹುಳ ಕಟ್ಟಿ ಮೀನು ಹಿಡಿಯುವುದು) ಅಂದರೆ ಬೆಟ್ಟದ ತಣ್ಣನೆ ತೊರೆ, ಟ್ರೌಟ್ ಮೀನು ಅಂತೆಲ್ಲ ಅಂದುಕೊಂಡಿದ್ದೆ. ಇಲ್ಲಿ ನೋಡಿದರೆ ಊರ ನಡುವೆ, ಟ್ರಾಫಿಕ್ ಸದ್ದಿನಲ್ಲಿ ಗೆಂಡೆ ಮೀನಿಗೆ ಗಾಳ!

ಊರಲ್ಲಿ ಕೆರೆ ಏರಿ ಮೇಲೆ ಕೂತು, ಎರೆಹುಳ ಸಿಕ್ಕಿಸಿ, ಬೆಂಡು ಮುಳುಗುವುದನ್ನೇ ಕಾಯುತ್ತಿದ್ದವನು ನಾನು. ಇಲ್ಲಿ ಹಾಗಲ್ಲ. ಮೊದಲು ಮೀನನ್ನು ಕಣ್ಣಿನಿಂದ ಹುಡುಕಬೇಕು. ತಲೆ ಕೆಳಗೆ, ಬಾಲ ಮೇಲೆ ಮಾಡಿ ಕೆಸರು ಕೆದಕುತ್ತಿದ್ದರೆ ಅದು ಮೇಯುತ್ತಿದೆ ಅಂತ ಅರ್ಥ. ದಾರ, ಗರಿ ಸುತ್ತಿದ ಹುಸಿ ಹುಳವನ್ನು ಅದರ ಮೂತಿಯ ಹತ್ತಿರ ಸದ್ದಿಲ್ಲದೆ ಇಳಿಸಬೇಕು. ಸ್ವಲ್ಪ ಜೋರಾಗಿ ಬಿತ್ತೋ, ಮೀನು ಮಾಯ. ಬಾಯಿಗೆ ಹಾಕಿಕೊಂಡರೂ ಇಷ್ಟವಾಗದಿದ್ದರೆ ಆ ಕ್ಷಣವೇ ಉಗುಳಿಬಿಡುತ್ತದೆ. ಥೇಟ್ ನನ್ನ ಮಗಳು, ಉಪ್ಪಿಟ್ಟು ಕೊಟ್ಟಾಗ.

ಏಳು ಮೀನು ಓಡಿಸಿದೆ. ಎಂಟನೆಯದು ಕಚ್ಚಿತು ನೋಡಿ! ರೀಲು ಕಿರ್ರ್ ಅಂತು, ದಾರ ಹೋಗುತ್ತಲೇ ಇತ್ತು. ಅದರ ಹಿಂದೆ ನಾನು, ಜಾರುವ ಕಲ್ಲಿನ ಮೇಲೆ ಎದ್ದು ಬಿದ್ದು.

ಇಲ್ಲಿ ಸುಮಾರು ಜನ ಇದನ್ನು ಕಸದ ಮೀನು ಅನ್ನುತ್ತಾರೆ. ಆದರೆ 1877ರಲ್ಲಿ ಇಲ್ಲಿನ ಸರ್ಕಾರವೇ ಜರ್ಮನಿಯಿಂದ ತರಿಸಿ, ತಿನ್ನಲು ಒಳ್ಳೆಯ ಮೀನು ಅಂತ ಸಾಕಿಸಿತ್ತು. ತಾವೇ ಕರೆಸಿಕೊಂಡು ಆಮೇಲೆ ಬೈಯುವುದು! ವೀಸಾ ಮೇಲೆ ಬಂದಿರುವ ನನಗೆ ಅದರ ಕಡೆ ಸ್ವಲ್ಪ ಪಕ್ಷಪಾತ ಜಾಸ್ತಿ, ಅಲ್ವಾ?

ಫೋಟೋ ತೆಗೆದು ನೀರಿಗೆ ಬಿಟ್ಟೆ. ಲೋಳೆ ಮೆತ್ತಿದ ಅಂಗಿಯಲ್ಲಿ ಮನೆಗೆ ಬಂದರೆ, ಬಾಗಿಲಲ್ಲೇ ಅಮ್ಮನ ವಿಡಿಯೋ ಕಾಲ್: "ಸಾರಿಗೆ ಖಾರ ರುಬ್ಬಿಸಿದ್ಯೇನೋ?"