ಭಾಗಾಕಾರ ಬಂದ ಮಕ್ಕಳ ಪಟ್ಟಿ

ಸರ್ಕಾರಿ ಶಾಲೆಯ ಶಿಕ್ಷಕರು ಪಾಠ ಮಾಡಿ ಸುಸ್ತಾಗುವುದು ಕಡಿಮೆ. ಉಳಿದ ಕೆಲಸವೇ ಜಾಸ್ತಿ. ಎಸ್‌ಎಟಿಎಸ್‌ನಲ್ಲಿ (ಮಕ್ಕಳ ವಿವರಗಳ ಸರ್ಕಾರಿ ಆನ್‌ಲೈನ್ ದಾಖಲೆ) ಮಾಹಿತಿ ತುಂಬಬೇಕು, ಬಿಸಿಯೂಟದ ಲೆಕ್ಕ ಬರೆಯಬೇಕು, ಬಿಎಲ್‌ಒ ಆಗಿ ಮತದಾರರ ಪಟ್ಟಿಗಾಗಿ ಮನೆ ಮನೆ ಸುತ್ತಬೇಕು. 2025ರಲ್ಲಿ ದಸರಾ ರಜೆಯೂ ಜಾತಿ ಸಮೀಕ್ಷೆಗೇ ಹೋಯಿತು.

ಇಷ್ಟರ ನಡುವೆಯೂ ಕೆಲವರು ನಿವೃತ್ತಿಯವರೆಗೆ ಖುಷಿಯಿಂದ ಕ್ಲಾಸಿಗೆ ಹೋಗುತ್ತಾರೆ. ಇನ್ನು ಕೆಲವರು ಬಂದ ಸ್ವಲ್ಪ ದಿನಕ್ಕೇ "ಈ ಮಕ್ಕಳಿಗೆ ಎಷ್ಟು ಹೇಳಿದ್ರೂ ಅಷ್ಟೇ" ಅನ್ನತೊಡಗುತ್ತಾರೆ. ಬರ್ನ್‌ಔಟ್ (ಕೆಲಸದ ಒತ್ತಡದಲ್ಲಿ ಬತ್ತಿಹೋಗುವುದು) ಬಗ್ಗೆ ಕೆಲಸ ಮಾಡಿದ ಮನಶ್ಶಾಸ್ತ್ರಜ್ಞೆ ಕ್ರಿಸ್ಟಿನಾ ಮ್ಯಾಸ್ಲಾಕ್ ಮೂರು ಲಕ್ಷಣ ಹೇಳುತ್ತಾರೆ: ಮನಸ್ಸು ಬಸವಳಿಯುವುದು, ಎದುರಿಗಿರುವವರ ಮೇಲೆ ಅಕ್ಕರೆ ಹೋಗುವುದು, ನನ್ನಿಂದ ಏನೂ ಆಗುತ್ತಿಲ್ಲ ಅನ್ನಿಸುವುದು. ನನಗೆ ಹೆಚ್ಚು ಭಯ ಮೂರನೆಯದರದ್ದು. ಮೊದಲನೆಯದಕ್ಕಾದರೂ ಬೇಸಿಗೆ ರಜೆ ಇದೆ.

"ಇದು ನನ್ನಿಂದ ಆಗುತ್ತದೆ" ಎಂಬ ನಂಬಿಕೆ ಎಲ್ಲಕ್ಕಿಂತ ಗಟ್ಟಿಯಾಗುವುದು ಕೈಯಾರೆ ಮಾಡಿ ಗೆದ್ದಾಗ ಎಂದು ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1977ರಲ್ಲೇ ಬರೆದರು. ಸೆಪ್ಟೆಂಬರ್ 5ರ ಶಾಲು, ಹಾರದಿಂದ ಅದು ಬರುವುದಿಲ್ಲ.

ಹಾಗಾಗಿ ನಾನೊಂದು ನೋಟ್‌ಬುಕ್ ಇಟ್ಟಿದ್ದೇನೆ. ಐದನೇ ತರಗತಿಯಲ್ಲಿ 612ನ್ನು 6ರಿಂದ ಭಾಗಿಸಿ ಅಂದರೆ ಮಕ್ಕಳು 12 ಅಂತ ಬರೆಯುತ್ತಾರೆ. ನಡುವಿನ ಸೊನ್ನೆ ಮಾಯ! ಆರು ಮಕ್ಕಳನ್ನು ನಿಲ್ಲಿಸಿ, ಆಟದ ನೋಟು ಹಂಚಿಸುತ್ತೇನೆ. ನೂರರ ನೋಟು ಆರು, ತಲಾ ಒಂದು. ಹತ್ತರ ನೋಟು ಒಂದೇ, ಆರು ಜನಕ್ಕೆ ಹೇಗೆ ಹಂಚೋದು? ಯಾರಿಗೂ ಇಲ್ಲ, ಅಲ್ಲಿ ಸೊನ್ನೆ. ಅದನ್ನು ಚಿಲ್ಲರೆ ಮಾಡಿದರೆ ಇದ್ದ ಎರಡೂ ಸೇರಿ ಹನ್ನೆರಡು, ತಲಾ ಎರಡು. 102. ಯಾವ ಮಗುವಿಗೆ ಇದು ಬಂತೋ ಅದರ ಹೆಸರು, ತಾರೀಖು ನೋಟ್‌ಬುಕ್‌ಗೆ ಹೋಗುತ್ತದೆ. ಮೇಲಿನವರು ಕೇಳುವ ದಾಖಲೆ ಇದಲ್ಲ, ನನಗಾಗಿ ಬರೆದುಕೊಂಡದ್ದು. ಬೇಸರವಾದ ದಿನ ತೆಗೆದು ನೋಡುತ್ತೇನೆ.

ಜೊತೆಯವರೂ ಮುಖ್ಯ. "ಮೇಡಂ, ದಶಮಾಂಶ ನೀವು ಹೇಗೆ ಮಾಡಿದ್ರಿ?" ಅಂತ ಒಬ್ಬರು ಕೇಳಿದರೆ ಸುತ್ತಲಿನ ಶಾಲೆಗಳ ಶಿಕ್ಷಕರು ಸೇರುವ ಆ ದಿನದ ಕ್ಲಸ್ಟರ್ ಸಭೆ ಸಾರ್ಥಕ. ಸುಮ್ನೆ ಗೊಣಗುವ ಗುಂಪಿನಿಂದ ನಾನು ಸ್ವಲ್ಪ ದೂರ. ರಾತ್ರಿ ವಾಟ್ಸಾಪ್ ಗ್ರೂಪುಗಳೂ ಮ್ಯೂಟ್.

ಆದರೆ ಏಕೋಪಾಧ್ಯಾಯ ಶಾಲೆಯಲ್ಲಿ ಒಬ್ಬರೇ ಐದು ತರಗತಿ ನೋಡುವವರಿಗೆ "ನೋಟ್‌ಬುಕ್ ಇಡಿ ಸರ್" ಅನ್ನಲು ನನಗೆ ಬಾಯಿ ಬರುವುದಿಲ್ಲ. ಅಲ್ಲಿಗೆ ಮೊದಲು ಇನ್ನೊಬ್ಬ ಶಿಕ್ಷಕರನ್ನು ಕಳಿಸಲಿ.